ಕ್ರಯಪತ್ರ ಹಿಡಿದು ಬಂದ ಪಿಶಾಚಿ

ಪಾಳುಕೋಟೆ, ಬಿರುಗಾಳಿ, ಬೀಗ ಬಿದ್ದ ಬಾಗಿಲು, ಸಮಾಧಿ, ಹಳೆಯ ಹಸ್ತಪ್ರತಿ. ಗಾಥಿಕ್ ಕಥೆಗಳ ಈ ಸಾಮಾನುಗಳನ್ನೆಲ್ಲ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ದಲ್ಲಿ ಬಳಸಿಕೊಂಡ. ಆದರೆ ಅವನ್ನು ದೂರದ ಬೆಟ್ಟದಲ್ಲೇ ಬಿಡದೆ ಲಂಡನ್ನಿನ ಮನೆಗಳ ಒಳಕ್ಕೆ ತಂದ. ಅದೂ ಕಾನೂನುಬದ್ಧವಾಗಿ!

ಡ್ರಾಕುಲಾನನ್ನು ಬರೀ ತೆರೆಯ ಮೇಲೆ ಕಂಡವರು ಮೂಲ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಮೊದಲ ಪುಟದಲ್ಲಿ ಸಿಗುವುದು ರಕ್ತವಲ್ಲ, ಕೋಳಿ ಅಡುಗೆ. ಮೇ 3ರಂದು ಬಿಸ್ಟ್ರಿಟ್ಜ್ ಪಟ್ಟಣದಲ್ಲಿ ಕುಳಿತು ದಿನಚರಿ ಬರೆಯುವ ಜೊನಾಥನ್ ಹಾರ್ಕರ್, ದಾರಿಯಲ್ಲಿ ಉಂಡ ಖಾರದ ಕೋಳಿ ರುಚಿಯಾಗಿತ್ತೆಂದೂ, ಮಾಡುವ ಬಗೆಯನ್ನು ಮೀನಾಗಾಗಿ ಕೇಳಿಕೊಳ್ಳಬೇಕೆಂದೂ ಗುರುತು ಹಾಕಿಕೊಳ್ಳುತ್ತಾನೆ. ಮೀನಾ ಅವನು ಮದುವೆಯಾಗಲಿರುವ ಹುಡುಗಿ. ಇವನು ಬಂದಿರುವುದು ಭೂತ ಹುಡುಕಿಕೊಂಡಲ್ಲ. ಟ್ರಾನ್ಸಿಲ್ವೇನಿಯಾದ ಶ್ರೀಮಂತನೊಬ್ಬ ಲಂಡನ್ನಿನ ಬಳಿ ಮನೆ ಕೊಳ್ಳುತ್ತಿದ್ದಾನೆ. ಕಾಗದಪತ್ರ ವಿವರಿಸಿ, ಸಹಿ ಹಾಕಿಸಿಕೊಂಡು ಬರಬೇಕು. ಬರಬೇಕಿದ್ದ ಹಿರಿಯ ವಕೀಲರಿಗೆ ಕೀಲುವಾತ. ಹಾಗಾಗಿ ಆಗಷ್ಟೇ ಪರೀಕ್ಷೆ ಪಾಸಾದ ಕಿರಿಯನ ಪಾಲಿಗೆ ಈ ಪ್ರಯಾಣ ಬಂದಿದೆ.

1897ರ ಮೇ 26ರಂದು ಲಂಡನ್ನಿನಲ್ಲಿ ಪ್ರಕಟವಾದ ಈ ಕಾದಂಬರಿಯ ಮೊದಲ ಮುದ್ರಣಕ್ಕೆ ಹಳದಿ ರಟ್ಟು, ಕೆಂಪು ಅಕ್ಷರ. ಅಂದಿನಿಂದ ಇಂದಿನವರೆಗೆ ಅದರಲ್ಲಿ ವಿಮರ್ಶಕರು ಲೈಂಗಿಕತೆ ಕಂಡಿದ್ದಾರೆ, ಸಾಮ್ರಾಜ್ಯದ ಭಯ ಕಂಡಿದ್ದಾರೆ, ರೋಗದ ಭಯ ಕಂಡಿದ್ದಾರೆ. ಎಲ್ಲವೂ ಅದರಲ್ಲಿದೆ. ಆದರೆ ಅವೆಲ್ಲಕ್ಕೂ ತಳಪಾಯವಾಗಿ ಇನ್ನೊಂದು ಸರಳ ಸಂಗತಿಯಿದೆ: ಇದು ಆಸ್ತಿಯ ಕಥೆ. ಗಾಥಿಕ್ ಪ್ರಕಾರ ಹುಟ್ಟಿದ್ದೇ ಆಸ್ತಿಯ ಜಗಳದಲ್ಲಿ. ಸ್ಟೋಕರ್ ಆ ಜಗಳವನ್ನು ರೈಲು, ತಂತಿ, ಟೈಪ್‌ರೈಟರುಗಳ ಕಾಲಕ್ಕೆ ಎಳೆತಂದ.

ಈ ಮನೆ ಯಾರದು?

1764ರ ಕೊನೆಯಲ್ಲಿ ಲಂಡನ್ನಿನಲ್ಲಿ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಪುಟ್ಟ ಕಾದಂಬರಿ ಹೊರಬಂತು. ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ಸಿಕ್ಕಿದ ಇಟಾಲಿಯನ್ ಪುಸ್ತಕದ ಅನುವಾದವಿದು ಎಂದು ಅದರ ಮುನ್ನುಡಿ ಹೇಳುತ್ತಿತ್ತು. ಅದು ಶುದ್ಧ ಸುಳ್ಳು. ಬರೆದವನು ಬ್ರಿಟನ್ನಿನ ಮಾಜಿ ಪ್ರಧಾನಿಯ ಮಗ ಹೊರೇಸ್ ವಾಲ್‌ಪೋಲ್. ಪುಸ್ತಕ ಜನರಿಗೆ ಹಿಡಿಸಿದ ಮೇಲೆ 1765ರ ಎರಡನೇ ಮುದ್ರಣದಲ್ಲಿ ನಿಜ ಹೇಳಿ, ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿಸಿದ. ಒಂದು ಸಾಹಿತ್ಯ ಪ್ರಕಾರದ ನಾಮಕರಣ ಹೀಗಾಯಿತು.

ಒಟ್ರಾಂಟೊದಲ್ಲಿ ಆಕಾಶದಿಂದ ದೈತ್ಯ ಶಿರಸ್ತ್ರಾಣವೊಂದು ಬಿದ್ದು ರಾಜಕುಮಾರನನ್ನು ಮದುವೆಯ ದಿನವೇ ಅಪ್ಪಚ್ಚಿ ಮಾಡುತ್ತದೆ. ಓದುಗರಿಗೆ ನೆನಪುಳಿಯುವುದು ಈ ಶಿರಸ್ತ್ರಾಣ. ಆದರೆ ಕಥೆಯ ಮೂಲದಲ್ಲಿರುವುದು ಅಕ್ರಮ ಸ್ವಾಧೀನ: ಮ್ಯಾನ್‌ಫ್ರೆಡ್ ಕುಳಿತಿರುವ ಕೋಟೆ ಅವನದಲ್ಲ, ಅವನ ಅಜ್ಜ ಕಸಿದುಕೊಂಡದ್ದು. ಮುಂದೆ 1794ರಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲೂ ಅದೇ ಗಂಟು. ಮೊಂಟೋನಿ ಎಂಬವನು ಹೆಂಡತಿಯನ್ನು ಕೋಟೆಯಲ್ಲಿ ಕೂಡಿಹಾಕುವುದು ಅವಳ ಆಸ್ತಿಗೆ ಸಹಿ ಹಾಕಿಸಿಕೊಳ್ಳಲು. ಅವಳು ಸತ್ತ ಮೇಲೆ ಅದೇ ಕಾಟ ಅವಳ ಸೋದರ ಸೊಸೆ ಎಮಿಲಿಗೆ. ಗೋಡೆಯೊಳಗಿನ ಸದ್ದು, ಆರಿಹೋಗುವ ದೀಪ, ಗುಪ್ತ ಮೆಟ್ಟಿಲು ಎಲ್ಲ ಆಮೇಲಿನವು. ಮೊದಲ ಪ್ರಶ್ನೆ ಈ ಮನೆ ಯಾರದು ಎಂಬುದು. ಸತ್ತವರು ಎದ್ದು ಬರುವುದು ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ.

ರಕ್ತಪಿಶಾಚಿ ಈ ಪರಂಪರೆಗೆ ಸ್ವಲ್ಪ ತಡವಾಗಿ ಸೇರಿದ ಸದಸ್ಯ. 1816ರ ಮಳೆ ಹಿಡಿದ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಕವಿ ಬೈರನ್ ತನ್ನ ಅತಿಥಿಗಳಿಗೆ ದೆವ್ವದ ಕಥೆ ಬರೆಯುವ ಸವಾಲು ಹಾಕಿದ. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಹುಟ್ಟಿದ್ದು ಅಲ್ಲಿ. ಬೈರನ್ನನ ವೈದ್ಯ ಜಾನ್ ಪಾಲಿಡೊರಿ ಬರೆದು 1819ರಲ್ಲಿ ಪ್ರಕಟವಾದ ‘ದ ವ್ಯಾಂಪೈರ್’ಗೂ ಅದೇ ಮೂಲ. ಹಳ್ಳಿಯ ಸ್ಮಶಾನದಲ್ಲಿದ್ದ ರಕ್ತಪಿಶಾಚಿ ಈ ಕಥೆಯಲ್ಲಿ ಮೊದಲ ಸಲ ಸೂಟು ತೊಟ್ಟ ಶ್ರೀಮಂತನಾದ. 1872ರಲ್ಲಿ ಡಬ್ಲಿನ್ನಿನ ಶೆರಿಡನ್ ಲಫಾನು ‘ಕಾರ್ಮಿಲಾ’ದಲ್ಲಿ ಅವನನ್ನು ಹೆಣ್ಣಾಗಿಸಿ ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತ್ಯದಲ್ಲಿಟ್ಟ. ಸ್ಟೋಕರ್ ಕೂಡ ಮೊದಲಿಗೆ ಕೋಟೆ ಕಟ್ಟಲು ನೋಡಿಕೊಂಡ ಜಾಗ ಸ್ಟಿರಿಯಾ. ಟಿಪ್ಪಣಿಗಳಲ್ಲಿ ಆಮೇಲೆ ಅದನ್ನು ಟ್ರಾನ್ಸಿಲ್ವೇನಿಯಾಕ್ಕೆ ಬದಲಿಸಿದ. ಆ ನಾಡಿಗೆ ಅವನು ಎಂದೂ ಕಾಲಿಡಲಿಲ್ಲ.

ಗುಮಾಸ್ತನ ಗಾಥಿಕ್

ಸ್ಟೋಕರ್ 1847ರಲ್ಲಿ ಡಬ್ಲಿನ್ ಸಮೀಪದ ಕ್ಲಾಂಟಾರ್ಫ್‌ನಲ್ಲಿ ಹುಟ್ಟಿದ. ಏಳು ವರ್ಷ ತುಂಬುವವರೆಗೆ ಹಾಸಿಗೆ ಹಿಡಿದಿದ್ದ ಹುಡುಗನಿಗೆ ತಾಯಿ ಹೇಳಿದ ಕಥೆಗಳಲ್ಲಿ ಅವಳು ಸ್ವತಃ ಸ್ಲೈಗೊ ಪಟ್ಟಣದಲ್ಲಿ ಕಂಡ 1832ರ ಕಾಲರಾ ಮಾರಿಯೂ ಇತ್ತು. ಬೆಳೆದ ಮೇಲೆ ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿ. ಅವನು ಬರೆದ ಪುಸ್ತಕಗಳಲ್ಲೊಂದು ಐರ್ಲೆಂಡಿನ ಕೆಳ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳ ಕೈಪಿಡಿ. 1878ರಿಂದ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ನಟ ಹೆನ್ರಿ ಇರ್ವಿಂಗ್ ಕೆಳಗೆ ವ್ಯವಸ್ಥಾಪಕ: ಲೆಕ್ಕ, ಪತ್ರ, ಪ್ರವಾಸದ ಏರ್ಪಾಡು ಎಲ್ಲ ಅವನ ತಲೆಯ ಮೇಲೆ. 1890ರಲ್ಲಿ ಬ್ಯಾರಿಸ್ಟರ್ ಪದವಿಯನ್ನೂ ಪಡೆದ. ‘ಡ್ರಾಕುಲಾ’ದ ಮೊದಲ ಟಿಪ್ಪಣಿಗಳು ಶುರುವಾಗುವುದೂ ಅದೇ ವರ್ಷ. ಅವು ಈಗ ಫಿಲಡೆಲ್ಫಿಯಾದ ರೋಸನ್‌ಬಾಕ್ ಗ್ರಂಥಾಲಯದಲ್ಲಿವೆ.

ಕಾಗದಪತ್ರದ ಈ ಜೀವನ ಕಾದಂಬರಿಯ ಮೈತುಂಬ ಹರಡಿಕೊಂಡಿದೆ. ಡ್ರಾಕುಲಾನ ಕೋಟೆಯ ಗ್ರಂಥಾಲಯದಲ್ಲಿ ಹಾರ್ಕರ್‌ಗೆ ಕಾಣುವುದು ಮಾಟಮಂತ್ರದ ಪುಸ್ತಕಗಳಲ್ಲ. ಲಂಡನ್ನಿನ ವಿಳಾಸಗಳ ಪುಸ್ತಕ, ಸೈನ್ಯದ ಅಧಿಕಾರಿಗಳ ಪಟ್ಟಿ, ವಕೀಲರ ಪಟ್ಟಿ. ಕೌಂಟ್ ಡ್ರಾಕುಲಾ ರೈಲು ವೇಳಾಪಟ್ಟಿಯನ್ನೂ ಆಸಕ್ತಿಯಿಂದ ಓದುತ್ತಾನೆ. ಒಬ್ಬ ಕಕ್ಷಿದಾರ ಇಬ್ಬರು ವಕೀಲರನ್ನು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಾನೆ. ಒಬ್ಬನಿಗೇ ಎಲ್ಲ ವ್ಯವಹಾರ ತಿಳಿಯುವುದು ಅವನಿಗೆ ಬೇಡ. ಆಸ್ತಿ ಮಾಡುವ ಜಾಣರ ಬುದ್ಧಿಯೇ ಇದು.

ಅವನು ಕೊಳ್ಳುವ ಕಾರ್‌ಫ್ಯಾಕ್ಸ್ ಎಂಬ ಮನೆ ಪರ್‌ಫ್ಲೀಟ್‌ನಲ್ಲಿದೆ. ಸುಮಾರು 20 ಎಕರೆ ಜಾಗ, ಸುತ್ತ ಎತ್ತರದ ಕಲ್ಲುಗೋಡೆ, ಒಳಗೆ ಪಾಳುಬಿದ್ದ ಪ್ರಾರ್ಥನಾ ಮಂದಿರ, ಪಕ್ಕದಲ್ಲೇ ಮಾನಸಿಕ ರೋಗಿಗಳ ಆಸ್ಪತ್ರೆ. ಹಾರ್ಕರ್ ಅದರ ಫೋಟೊಗಳನ್ನು ತನ್ನ ಕೊಡಾಕ್ ಕ್ಯಾಮೆರಾದಲ್ಲಿ ತೆಗೆದು ತಂದಿದ್ದಾನೆ. ಹಳೆಯ ಮನೆತನದವನಾದ ತನಗೆ ಹೊಸ ಮನೆ ಒಗ್ಗದು, ಹಳೆಯದೇ ಇಷ್ಟ ಎನ್ನುತ್ತಾನೆ ಕೌಂಟ್. ಗಾಥಿಕ್ ಕಾದಂಬರಿಗೆ ಬೇಕಾದ ಪಾಳುಮನೆಯನ್ನು ಇಲ್ಲಿ ಖಳನಾಯಕ ಜಾಹೀರಾತು ನೋಡಿ ಆರಿಸಿಕೊಂಡಂತಿದೆ. ಇದರಲ್ಲೊಂದು ಸಣ್ಣ ನಗುವೂ ಅಡಗಿದೆ.

ಕೋಟೆ ಮತ್ತು ಹೊಸ್ತಿಲು

ಕೋಟೆಯ ಭಾಗದಲ್ಲಿ ಸ್ಟೋಕರ್ ಹಳೆಯ ಸಂಪ್ರದಾಯಕ್ಕೆ ನಿಷ್ಠ. ತೋಳಗಳ ಊಳು, ಮುಖ ಮುಚ್ಚಿಕೊಂಡ ಗಾಡಿಯವನು, ಒಂದಾದ ಮೇಲೊಂದು ಬೀಗ ಹಾಕಿದ ಬಾಗಿಲು, ಬೆಳದಿಂಗಳಲ್ಲಿ ಮೂಡುವ ಮೂವರು ಹೆಂಗಸರು. ಆದರೂ ಎರಡು ಬದಲಾವಣೆ ಕಣ್ಣಿಗೆ ಬೀಳುತ್ತವೆ. ರ‍್ಯಾಡ್‌ಕ್ಲಿಫ್ ಕಾದಂಬರಿಗಳಲ್ಲಿ ಕೋಟೆಯ ಸೆರೆಯಾಳು ಯುವತಿ. ಇಲ್ಲಿ ಆ ಜಾಗದಲ್ಲಿ ಓದಿದ ಗಂಡಸು ಕುಳಿತಿದ್ದಾನೆ. ಅವನಿಂದ ಕೌಂಟ್ ಮುಂಚಿತವಾಗಿಯೇ ಜೂನ್ 12, 19, 29ರ ದಿನಾಂಕ ಹಾಕಿದ ಪತ್ರಗಳನ್ನು ಬರೆಸಿಕೊಳ್ಳುತ್ತಾನೆ: ಕೆಲಸ ಮುಗಿಯುತ್ತಿದೆ, ನಾಳೆ ಹೊರಡುತ್ತೇನೆ, ಕೋಟೆ ಬಿಟ್ಟೆ. ತನ್ನ ಆಯುಸ್ಸಿನ ಅವಧಿ ಹಾರ್ಕರ್‌ಗೆ ತಿಳಿಯುವುದು ಈ ದಿನಾಂಕಗಳಿಂದ. ಎರಡನೆಯದು, ಕೋಟೆಯಲ್ಲಿ ಆಳುಗಳೇ ಇಲ್ಲ. ಹಾರ್ಕರ್ ನೋಡಿದರೆ ಕೌಂಟ್ ತಾನೇ ಹಾಸಿಗೆ ಸರಿಪಡಿಸುತ್ತಿದ್ದಾನೆ, ಬಾಗಿಲ ಸಂದಿಯಿಂದ ನೋಡಿದರೆ ತಾನೇ ಊಟದ ಮೇಜು ಅಣಿಗೊಳಿಸುತ್ತಿದ್ದಾನೆ. ಗೋಡೆಯ ಮೇಲೆ ಹಲ್ಲಿಯಂತೆ ತಲೆಕೆಳಗಾಗಿ ಇಳಿಯುವವನಿಗಿಂತ, ಗುಟ್ಟಾಗಿ ಹಾಸಿಗೆ ಹಾಸುವ ಈ ದೊರೆ ಹೆಚ್ಚು ವಿಚಿತ್ರವಾಗಿ ಕಾಣುತ್ತಾನೆ.

ಇಡೀ ಕೃತಿಯ ಬೀಗದ ಕೈ ಇರುವುದು ಹೊಸ್ತಿಲಲ್ಲಿ. ಹಾರ್ಕರ್ ಬಂದ ರಾತ್ರಿ ಕೌಂಟ್ ಬಾಗಿಲಲ್ಲಿ ಕಲ್ಲಿನಂತೆ ನಿಂತು, ಸ್ವಂತ ಇಚ್ಛೆಯಿಂದ ಒಳಗೆ ಬರುವಂತೆ ಆಹ್ವಾನಿಸುತ್ತಾನೆ. ಅತಿಥಿಯ ಕಾಲು ಹೊಸ್ತಿಲು ದಾಟಿದ ಮೇಲಷ್ಟೇ ಮುಂದೆ ಬಂದು ಕೈ ಹಿಡಿಯುತ್ತಾನೆ. ಮುಂದೆ ಪಿಶಾಚಿಯ ಬೇಟೆಗೆ ಮುಂದಾಳಾಗುವ ವ್ಯಾನ್ ಹೆಲ್ಸಿಂಗ್ ವಿವರಿಸುವ ನಿಯಮ ಇದರ ಕನ್ನಡಿ ಬಿಂಬ: ಮನೆಯವರಲ್ಲಿ ಯಾರಾದರೊಬ್ಬರು ಮೊದಲ ಸಲ ಕರೆಯದ ಹೊರತು ಪಿಶಾಚಿ ಒಳಗೆ ಬರಲಾರ, ಒಮ್ಮೆ ಕರೆದರೆ ಆಮೇಲೆ ಬೇಕೆಂದಾಗ ಬರಬಲ್ಲ. ಹಾಗಾದರೆ ಇಂಗ್ಲೆಂಡಿಗೆ ಅವನನ್ನು ಕರೆದವರು ಯಾರು? ಕ್ರಯಪತ್ರ ತಂದು ಸಹಿ ಹಾಕಿಸಿಕೊಂಡ ಹಾರ್ಕರ್.

ಬಂದರಿಗೆ ಬಂದ ಪೆಟ್ಟಿಗೆಗಳು

ಮೊದಲ 4 ಅಧ್ಯಾಯ ಮುಗಿಯುವಷ್ಟರಲ್ಲಿ ಕಥೆ ಕೋಟೆ ಬಿಟ್ಟು ಇಂಗ್ಲೆಂಡಿಗೆ ಹೊರಡುತ್ತದೆ. ಮತ್ತೆ ಅಲ್ಲಿಗೆ ಮರಳುವುದು 27ನೆಯ, ಕೊನೆಯ ಅಧ್ಯಾಯದಲ್ಲಿ. ನಡುವಿನ ತಾಣಗಳಲ್ಲಿ ಮೊದಲನೆಯದು ಉತ್ತರ ಸಮುದ್ರದ ದಂಡೆಯ ವ್ಹಿಟ್‌ಬಿ ಪಟ್ಟಣ. 1890ರ ಬೇಸಿಗೆಯಲ್ಲಿ ಸ್ಟೋಕರ್ ಅಲ್ಲಿ ರಜೆ ಕಳೆದಿದ್ದ. ಗುಡ್ಡದ ಮೇಲೆ ಪಾಳುಬಿದ್ದ ಮಠ, ಪಕ್ಕದಲ್ಲಿ ಚರ್ಚು ಮತ್ತು ಸ್ಮಶಾನ, ಮೇಲೇರಲು 199 ಮೆಟ್ಟಿಲು. ಗಾಥಿಕ್ ಲೇಖಕ ಕಲ್ಪಿಸಬೇಕಾದದ್ದೇನೂ ಉಳಿದಿರಲಿಲ್ಲ. ಊರಿನ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್‌ಸನ್ 1820ರಲ್ಲಿ ಬರೆದ ವಲೇಷಿಯಾ, ಮೊಲ್ಡೇವಿಯಾ ಸಂಸ್ಥಾನಗಳ ವೃತ್ತಾಂತ ಸಿಕ್ಕಿತು. ಡ್ರಾಕುಲಾ ಎಂಬ ಹೆಸರನ್ನು ಅವನು ಗುರುತು ಹಾಕಿಕೊಂಡದ್ದು ಅದರಿಂದ. ಅಲ್ಲಿಯವರೆಗೆ ಟಿಪ್ಪಣಿಯಲ್ಲಿ ಪಾತ್ರದ ಹೆಸರು ಕೌಂಟ್ ವ್ಯಾಂಪೈರ್ ಎಂದಿತ್ತು. 1885ರ ಅಕ್ಟೋಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ಆ ದಂಡೆಗೆ ಬಡಿದ ‘ಡಿಮಿಟ್ರಿ’ ಎಂಬ ರಷ್ಯನ್ ಹಡಗಿನ ಸಂಗತಿಯೂ ಅವನ ಕಿವಿಗೆ ಬಿತ್ತು. ನಾರ್ವಾದಿಂದ ಬಂದ ಡಿಮಿಟ್ರಿ ಕಾದಂಬರಿಯಲ್ಲಿ ವಾರ್ನಾದಿಂದ ಹೊರಟ ‘ಡಿಮೀಟರ್’ ಆಯಿತು.

ಡಿಮೀಟರ್‌ನ ಪ್ರಯಾಣ ಕಥೆಯೊಳಗಿನ ಒಂದು ಪ್ರತ್ಯೇಕ ಕಥೆ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ನಾವು ಓದುವುದು ನಾಯಕನ ದಿನಚರಿಯ ಚುಟುಕು ನಮೂದುಗಳನ್ನು ಮಾತ್ರ. ಗಾಥಿಕ್‌ನ ಮುಚ್ಚಿದ ಕೋಟೆ ಇಲ್ಲಿ ನೀರಿನ ಮೇಲೆ ತೇಲುತ್ತಿದೆ. ಬಿರುಗಾಳಿಯ ರಾತ್ರಿ ಹಡಗು ದಂಡೆಗೆ ಬಂದಾಗ ಚುಕ್ಕಾಣಿಗೆ ಕೈ ಕಟ್ಟಿಕೊಂಡ ಹೆಣವೊಂದೇ ಅದರ ಮೇಲಿದೆ. ದೊಡ್ಡ ನಾಯಿಯೊಂದು ನೆಗೆದು ಕತ್ತಲಲ್ಲಿ ಮರೆಯಾಗುತ್ತದೆ. ಮರುದಿನ? ಊರಿನ ವಕೀಲನೊಬ್ಬ ಹಡಗೇರಿ, ಮಣ್ಣು ತುಂಬಿದ 50 ಪೆಟ್ಟಿಗೆಗಳನ್ನು ಕಾಗದಪತ್ರದ ಪ್ರಕಾರ ಸ್ವಾಧೀನಕ್ಕೆ ತೆಗೆದುಕೊಳ್ಳುತ್ತಾನೆ. ತನ್ನ ನೆಲದ ಮಣ್ಣಿನಲ್ಲೇ ಮಲಗಬೇಕಾದ ಪಿಶಾಚಿ, ಆ ನೆಲವನ್ನೇ ಸರಕು ಮಾಡಿಕೊಂಡು ಬಂದಿದ್ದಾನೆ.

ರಕ್ತದ ಹಕ್ಕು

ಮೀನಾಳ ಗೆಳತಿ ಲೂಸಿಯ ಕಥೆಯಲ್ಲಿ ಕೋಟೆಯ ಜಾಗಕ್ಕೆ ಮಲಗುವ ಕೋಣೆ ಬರುತ್ತದೆ, ಕಬ್ಬಿಣದ ಬಾಗಿಲ ಜಾಗಕ್ಕೆ ಕಿಟಕಿ. ಒಂದೇ ದಿನ ಮೂವರಿಂದ ಮದುವೆಯ ಪ್ರಸ್ತಾಪ ಪಡೆದ ಈ ಹುಡುಗಿಗೆ ನಿದ್ದೆಯಲ್ಲಿ ನಡೆಯುವ ಅಭ್ಯಾಸ. ಸ್ಮಶಾನದ ಬೆಂಚಿನ ಮೇಲೆ ಮೊದಲ ಸಲ ಕೌಂಟನ ಕೈಗೆ ಸಿಕ್ಕ ಮೇಲೆ ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ. ಅವಳನ್ನು ಉಳಿಸಲು ನಾಲ್ವರು ಗಂಡಸರು ರಕ್ತ ಕೊಡುತ್ತಾರೆ: ಮದುವೆಯಾಗಲಿದ್ದ ಆರ್ಥರ್, ಡಾಕ್ಟರ್ ಸೀವರ್ಡ್, ವ್ಯಾನ್ ಹೆಲ್ಸಿಂಗ್, ಅಮೆರಿಕದ ಕ್ವಿನ್ಸಿ ಮಾರಿಸ್. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿಂಗಡಿಸಿದ್ದು 1901ರಲ್ಲಿ. ಇಂದಿನ ಓದುಗನಿಗೆ ಈ ಚಿಕಿತ್ಸೆಯೂ ಪಿಶಾಚಿಯಷ್ಟೇ ಅಪಾಯಕಾರಿಯಾಗಿ ಕಾಣುತ್ತದೆ.

ಆದರೂ ಲೂಸಿ ಉಳಿಯುವುದಿಲ್ಲ. ರಕ್ತ ಕೊಟ್ಟಾಗಲೇ ತಮ್ಮಿಬ್ಬರ ಮದುವೆ ಆದಂತಾಯಿತು ಎಂದು ಆರ್ಥರ್ ನಂಬುತ್ತಾನೆ. ಉಳಿದ ಮೂವರೂ ರಕ್ತ ಕೊಟ್ಟ ವಿಷಯವನ್ನು ಯಾರೂ ಅವನಿಗೆ ಹೇಳುವುದಿಲ್ಲ. ಹಾಗಾದರೆ ಲೂಸಿಗೆ ಎಷ್ಟು ಗಂಡಂದಿರು ಎಂದು ವ್ಯಾನ್ ಹೆಲ್ಸಿಂಗ್ ಹುಚ್ಚು ನಗೆ ನಗುತ್ತಾನೆ. ಇದೇ ಹೊತ್ತಿಗೆ ಲೂಸಿಯ ತಾಯಿಯೂ ಸಾಯುತ್ತಾಳೆ. ಅವಳ ಉಯಿಲಿನ ಪ್ರಕಾರ ಆಸ್ತಿಯೆಲ್ಲ ಆರ್ಥರ್ ಪಾಲು. ಲೂಸಿಯ ಖಾಸಗಿ ಕಾಗದಗಳನ್ನು ಓದಲು ವ್ಯಾನ್ ಹೆಲ್ಸಿಂಗ್ ಆಮೇಲೆ ಅನುಮತಿ ಕೇಳುವುದೂ ಅವನನ್ನೇ. ಸಮಾಧಿಯಿಂದೆದ್ದು ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಮಕ್ಕಳನ್ನು ಹಿಡಿಯುವ ಲೂಸಿಯ ಎದೆಗೆ ಗೂಟ ಹೊಡೆಯುವ ‘ಹಕ್ಕು’ ಕೂಡ ಅವನದಾಗುತ್ತದೆ. ಈ ಅಧ್ಯಾಯದ ಭೀಕರತೆ ಗೂಟದಲ್ಲಿ ಎಷ್ಟಿದೆಯೋ, ಅವಳ ದೇಹದ ಮೇಲೆ ಎಲ್ಲರಿಗೂ ಒಂದೊಂದು ಹಕ್ಕು ಇರುವುದರಲ್ಲೂ ಅಷ್ಟೇ ಇದೆ. ಹಾರ್ಕರ್‌ನತ್ತ ನುಗ್ಗಿದ ಮೂವರು ಹೆಂಗಸರನ್ನು ತಡೆದು, ಈ ಗಂಡಸು ನನಗೆ ಸೇರಿದವನು ಎಂದು ಕೋಟೆಯಲ್ಲಿ ಕೌಂಟ್ ಗದರಿದ್ದಕ್ಕೂ ಇದಕ್ಕೂ ದೂರ ಹೆಚ್ಚಿಲ್ಲ.

ಮೂರು ಪ್ರತಿ

ಸಿಕ್ಕಿದ ಹಳೆಯ ಹಸ್ತಪ್ರತಿ ಗಾಥಿಕ್‌ನ ಇನ್ನೊಂದು ಪ್ರಿಯ ಸಾಮಾನು. ಸ್ಟೋಕರ್ ಇದನ್ನು ಪೂರ್ತಿ ತಿರುಗಿಸಿ ಹಾಕಿದ. ಹಾರ್ಕರ್‌ನ ದಿನಚರಿ ಶೀಘ್ರಲಿಪಿಯಲ್ಲಿದೆ. ಕೌಂಟ್ ಅದನ್ನು ಓದಲಾರ. ಸೀವರ್ಡ್ ತನ್ನದನ್ನು ಫೋನೊಗ್ರಾಫ್‌ನ ಮೇಣದ ಉರುಳೆಗಳಲ್ಲಿ ಹೇಳಿಟ್ಟಿದ್ದಾನೆ. ತಿಂಗಳುಗಟ್ಟಲೆ ಹೇಳಿದ ಮೇಲೆ, ಬೇಕಾದ ಭಾಗವನ್ನು ಅದರಲ್ಲಿ ಹುಡುಕುವುದು ಹೇಗೆಂದು ತನಗೆ ಗೊತ್ತೇ ಇಲ್ಲ ಎಂಬುದು ಅವನಿಗೆ ಹೊಳೆಯುತ್ತದೆ. ಇವುಗಳ ಜೊತೆ ಪತ್ರ, ತಂತಿ, ಪತ್ರಿಕಾ ವರದಿ. ಎಲ್ಲವನ್ನೂ ಕಾಲಕ್ರಮದಲ್ಲಿ ಜೋಡಿಸಿ ಮೂರು ಪ್ರತಿ ಬೆರಳಚ್ಚು ಮಾಡುವವಳು ಮೀನಾ. ಚದುರಿದ ಸಂಗತಿಗಳೆಲ್ಲ ಒಬ್ಬನೇ ಶತ್ರುವನ್ನು ತೋರಿಸುತ್ತಿವೆ ಎಂಬುದು ಎಲ್ಲರಿಗೂ ಕಾಣುವುದು ಆಮೇಲೆ. ಪಿಶಾಚಿಯನ್ನು ಹಿಡಿಯಲು ಶಿಲುಬೆ, ಬೆಳ್ಳುಳ್ಳಿ ಹೂವಿನಷ್ಟೇ ಒಳ್ಳೆಯ ದಫ್ತರವೂ ಬೇಕಾಯಿತು.

ಕೌಂಟ್‌ಗೂ ಇದು ಗೊತ್ತಾಗುತ್ತದೆ. ಮೀನಾಳ ಮೇಲೆರಗಿ, ತನ್ನ ಎದೆಯ ರಕ್ತವನ್ನು ಅವಳಿಗೆ ಬಲವಂತವಾಗಿ ಕುಡಿಸಿದ ರಾತ್ರಿಯೇ ಅವನು ಹಸ್ತಪ್ರತಿಗಳನ್ನೂ ಮೇಣದ ಉರುಳೆಗಳನ್ನೂ ಬೆಂಕಿಗೆ ಹಾಕುತ್ತಾನೆ. ಇನ್ನೊಂದು ಪ್ರತಿ ತಿಜೋರಿಯಲ್ಲಿದ್ದದ್ದು ಅವನಿಗೆ ತಿಳಿಯಲಿಲ್ಲ. ಪುಸ್ತಕದಲ್ಲಿ ಇಷ್ಟು ಜನ ಬರೆದರೂ ಕೌಂಟ್ ತನ್ನ ಕಥೆಯನ್ನು ತಾನೇ ಹೇಳುವ ಒಂದು ಅಧ್ಯಾಯವೂ ಇಲ್ಲ. ಅವನ ಬಗ್ಗೆ ನಮಗೆ ತಿಳಿದದ್ದೆಲ್ಲ ಅವನ ಶತ್ರುಗಳ ಕಡತದಿಂದ.

ಆ ಕಡತ ಹಿಡಿದು ಹೊರಟವರ ಬೇಟೆ ನೋಡಿ. 50 ಪೆಟ್ಟಿಗೆಗಳಲ್ಲಿ 29 ಕಾರ್‌ಫ್ಯಾಕ್ಸ್‌ನಲ್ಲಿ ಸಿಗುತ್ತವೆ. ಉಳಿದ 21 ಲಂಡನ್ನಿನ ಬೇರೆ ಬೇರೆ ಮನೆಗಳಿಗೆ ಹೋಗಿವೆ. ಗಾಡಿಯವರಿಗೆ ಕುಡಿಯಲು ಕಾಸು ಕೊಟ್ಟು ವಿಳಾಸ ಪಡೆಯುತ್ತಾರೆ. ಪಿಕಡಿಲಿಯ ಮನೆ ಕೊಂಡವನ ಹೆಸರು ಹೇಳಲು ದಲ್ಲಾಳಿ ಒಪ್ಪದಿದ್ದಾಗ ಈಗ ಲಾರ್ಡ್ ಆಗಿರುವ ಆರ್ಥರ್‌ನ ಹೆಸರು ಬಳಸುತ್ತಾರೆ. ದಲ್ಲಾಳಿ ತಕ್ಷಣ ಬಾಯಿ ಬಿಡುತ್ತಾನೆ. ಆಮೇಲೆ ಹಾಡಹಗಲೇ ಬೀಗ ರಿಪೇರಿಯವನನ್ನು ಕರೆಸಿ, ಪೊಲೀಸನ ಕಣ್ಣೆದುರೇ ಬಾಗಿಲು ತೆಗೆಸಿ ಒಳಗೆ ಹೋಗುತ್ತಾರೆ. ಮನೆ ಕೌಂಟನದು, ರೊಕ್ಕ ಕೊಟ್ಟು ಕೊಂಡದ್ದು. ಕಾನೂನಿನ ಕಣ್ಣಿನಲ್ಲಿ ಕಳ್ಳರು ಇವರು. ಅಲ್ಲಿ ಹಾರ್ಕರ್ ಬೀಸಿದ ಕತ್ತಿ ಕೌಂಟನ ಕೋಟನ್ನು ಸೀಳಿದಾಗ ಸುರಿಯುವುದು ರಕ್ತವಲ್ಲ, ನೋಟಿನ ಕಟ್ಟು ಮತ್ತು ಚಿನ್ನದ ನಾಣ್ಯ. ಕೌಂಟ್ ಅದರಲ್ಲಿ ಒಂದು ಹಿಡಿ ಬಾಚಿಕೊಂಡು ಕಿಟಕಿಯಿಂದ ಹಾರುತ್ತಾನೆ. ಬಂಡವಾಳವನ್ನು ರಕ್ತ ಹೀರುವ ಪಿಶಾಚಿಗೆ ಕಾರ್ಲ್ ಮಾರ್ಕ್ಸ್ ಹೋಲಿಸಿ ಆಗಲೇ 30 ವರ್ಷವಾಗಿತ್ತು.

ಪೂರ್ವದಿಂದ ಬಂದವನು

1990ರಲ್ಲಿ ಸ್ಟೀಫನ್ ಅರಾಟಾ ಎಂಬ ವಿಮರ್ಶಕ ಈ ಕಾದಂಬರಿಯಲ್ಲಿ ತಿರುಗುಬಾಣದ ವಸಾಹತುಶಾಹಿಯನ್ನು ಗುರುತಿಸಿದ. ಬ್ರಿಟಿಷರು ಪರರ ನಾಡಿಗೆ ಹೋಗಿ ಭಾಷೆ ಕಲಿತರು, ನಕ್ಷೆ ಬರೆದರು, ನೆಲ ಹಿಡಿದರು. ಡ್ರಾಕುಲಾ ಅದನ್ನೇ ಅವರಿಗೆ ಮಾಡುತ್ತಾನೆ. ತನ್ನ ಇಂಗ್ಲಿಷ್ ಉಚ್ಚಾರಣೆ ತಿದ್ದಲು ಹಾರ್ಕರ್‌ನನ್ನು ಬೇಡಿಕೊಳ್ಳುತ್ತಾನೆ; ಲಂಡನ್ನಿನ ಬೀದಿಯಲ್ಲಿ ಯಾರೂ ತನ್ನನ್ನು ಪರಕೀಯ ಎನ್ನಬಾರದು.

ಈ ಭಯದ ನಕ್ಷೆಯಲ್ಲಿ ಭಾರತವೂ ಇದೆ. ರಕ್ತಪಿಶಾಚಿಗಳಿರುವ ನಾಡುಗಳನ್ನು ಎಣಿಸುವಾಗ ವ್ಯಾನ್ ಹೆಲ್ಸಿಂಗ್ ಗ್ರೀಸ್, ರೋಮ್, ಚೀನಾಗಳ ಜೊತೆ ಇಂಡಿಯಾವನ್ನೂ ಹೆಸರಿಸುತ್ತಾನೆ. ನಮ್ಮ ವಿಕ್ರಮ–ಬೇತಾಳ ಕಥೆಗಳನ್ನು ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನನ್ನು ವ್ಯಾಂಪೈರ್ ಎಂದು ಕರೆದು ಇಂಗ್ಲಿಷಿಗೆ ತಂದಿದ್ದ. ಪಾಪ, ನಮ್ಮ ಬೇತಾಳ ರಾಜನ ಹೆಗಲೇರಿ ಒಗಟು ಕೇಳುವವನೇ ಹೊರತು ರಕ್ತಕ್ಕೆ ಬಾಯಿ ಹಾಕುವವನಲ್ಲ. ಬರ್ಟನ್ ಸ್ಟೋಕರ್‌ಗೆ ಪರಿಚಿತ. ಇರ್ವಿಂಗ್ ಕುರಿತ ನೆನಪುಗಳಲ್ಲಿ ಸ್ಟೋಕರ್ ಬರ್ಟನ್‌ನ ಕೋರೆಹಲ್ಲಿನ ಹೊಳಪನ್ನು ಮರೆಯದೆ ಬಣ್ಣಿಸಿದ್ದಾನೆ.

ವಾರಸುದಾರರು

ನವೆಂಬರ್ 6ರಂದು, ಸೂರ್ಯ ಮುಳುಗುವ ಕ್ಷಣದಲ್ಲಿ, ತನ್ನ ಕೋಟೆಗೆ ಓಡಿಹೋಗುತ್ತಿದ್ದ ಕೌಂಟ್ ಸಾಯುತ್ತಾನೆ. ಎದೆಗೆ ಗೂಟವಿಲ್ಲ. ಹಾರ್ಕರ್‌ನ ಕುಕ್ರಿ ಕತ್ತು ಸೀಳುತ್ತದೆ, ಕ್ವಿನ್ಸಿಯ ಚಾಕು ಎದೆಗಿಳಿಯುತ್ತದೆ. ಬಿಸಿಲು ಅವನನ್ನು ಸುಡುವುದೂ ಇಲ್ಲ. ಕಾದಂಬರಿಯ ಡ್ರಾಕುಲಾ ಹಗಲಲ್ಲೇ ಪಿಕಡಿಲಿಯಲ್ಲಿ ಓಡಾಡಿದವನು. ಬಿಸಿಲಿಗೆ ಸಾಯುವ ಪಿಶಾಚಿ 1922ರಲ್ಲಿ ಎಫ್. ಡಬ್ಲ್ಯು. ಮುರ್ನೌ ಮಾಡಿದ ‘ನೊಸ್ಫೆರಾಟು’ ಚಿತ್ರದ ಕೊಡುಗೆ.

ಗಾಥಿಕ್ ಸಂಪ್ರದಾಯದಂತೆ ದುಷ್ಟನ ಜೊತೆ ಅವನ ಮನೆಯೂ ಬೀಳಬೇಕು. ಒಟ್ರಾಂಟೊದ ಗೋಡೆಗಳು ಕುಸಿದವು. 1839ರಲ್ಲಿ ಎಡ್ಗರ್ ಅಲನ್ ಪೋ ಬರೆದ ಅಷರ್ ಮನೆತನದ ಕಥೆಯಲ್ಲಿ ಮನೆ ಕೆರೆಯ ಪಾಲಾಯಿತು. ಸ್ಟೋಕರ್‌ನ ಬೆರಳಚ್ಚು ಪ್ರತಿಯಲ್ಲೂ ಕೋಟೆ ಸ್ಫೋಟಿಸಿ ನಾಶವಾಗುವ ಸಾಲುಗಳಿದ್ದವು. ಅಚ್ಚಿಗೆ ಹೋಗುವ ಮೊದಲು ಅವು ಹೊರಬಿದ್ದವು. ಹಾಗಾಗಿ ಏಳು ವರ್ಷದ ಮೇಲೆ ಹಾರ್ಕರ್ ದಂಪತಿ ಅಲ್ಲಿಗೆ ಹೋದಾಗ ಕೋಟೆ ಹಿಂದಿನಂತೆಯೇ ನಿಂತಿದೆ. ಮನೆಗೆ ಮರಳಿ ತಿಜೋರಿ ತೆರೆದು ನೋಡಿದರೆ ಮೂಲ ದಾಖಲೆ ಎಂಬುದು ಹೆಚ್ಚೇನೂ ಇಲ್ಲ, ಬರೀ ಬೆರಳಚ್ಚು ಹಾಳೆಗಳು. ಯಾವ ನ್ಯಾಯಾಲಯವೂ ಒಪ್ಪದ ಸಾಕ್ಷ್ಯ. ಕೊನೆಯ ಹೋರಾಟದಲ್ಲಿ ಕ್ವಿನ್ಸಿ ಸತ್ತ ತಾರೀಖಿನಂದೇ ಹುಟ್ಟಿ ಅವನ ಹೆಸರಿಟ್ಟುಕೊಂಡ ಹಾರ್ಕರ್ ದಂಪತಿಯ ಮಗು ವ್ಯಾನ್ ಹೆಲ್ಸಿಂಗ್‌ನ ತೊಡೆಯ ಮೇಲಿದೆ. ಗುಂಪಿನ ಗಂಡಸರೆಲ್ಲರ ಹೆಸರೂ ಆ ಮಗುವಿನ ಹೆಸರಿನಲ್ಲಿ ಸೇರಿವೆ. ಮೀನಾ ಕುಡಿದ ರಕ್ತದ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕಾದಂಬರಿಯ ಹೊರಗೂ ಆಸ್ತಿಯ ಜಗಳ ನಡೆಯಿತು. ಪುಸ್ತಕ ಬರುವ ಎಂಟು ದಿನ ಮೊದಲೇ, ಮೇ 18ರಂದು, ನಾಟಕದ ಹಕ್ಕು ಕಾಯ್ದಿರಿಸಲು ಸ್ಟೋಕರ್ ಲೈಸಿಯಂನಲ್ಲಿ ಇಡೀ ಕಥೆಯನ್ನು ಓದಿಸಿದ್ದ. ‘ನೊಸ್ಫೆರಾಟು’ ಅನುಮತಿ ಪಡೆಯದೆ ಕಥೆ ಬಳಸಿದಾಗ ಅವನ ಹೆಂಡತಿ ಫ್ಲಾರೆನ್ಸ್ ಮೊಕದ್ದಮೆ ಹೂಡಿದಳು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡುವ ಆದೇಶ ಬಂತು. ಅಷ್ಟರಲ್ಲಿ ಬೇರೆ ದೇಶಗಳಿಗೆ ಹೋಗಿದ್ದ ಪ್ರತಿಗಳು ಉಳಿದುಕೊಂಡವು. ಸ್ಟೋಕರ್ 1912ರಲ್ಲಿ ತೀರಿಕೊಂಡ. ಬ್ರಿಟನ್ನಿನಲ್ಲಿ ಕಾದಂಬರಿಯ ಹಕ್ಕುಸ್ವಾಮ್ಯ 1962ರಲ್ಲಿ ಮುಗಿಯಿತು. ಈಗ ಯಾರು ಬೇಕಾದರೂ ಡ್ರಾಕುಲಾನನ್ನು ತಮ್ಮವನಾಗಿಸಿಕೊಳ್ಳಬಹುದು. ಆದರೂ ಮೂಲಕ್ಕೆ ಒಮ್ಮೆ ಹೋಗಿ ಬರುವುದು ಲೇಸು. ಸಿನಿಮಾದ ಡ್ರಾಕುಲಾ ಹೆದರಿಸುವುದು ಕೋರೆಹಲ್ಲಿನಿಂದ. ಕಾದಂಬರಿಯವನು ಹೆದರಿಸುವುದು ಅವನ ಕಾಗದಪತ್ರಗಳೆಲ್ಲ ಸರಿಯಾಗಿರುವುದರಿಂದ.